ಚಿನ್ನ ಹುಡುಕಿದವರಿಗೆ ಸಿಕ್ಕ ಚರಿತ್ರೆ
ಹಟ್ಟಿ ಮತ್ತು ಮಸ್ಕಿಯ ಹಳೆಯ ಗಣಿಗಳನ್ನು ಓದುವುದು ಹೇಗೆ?



ಸಿಂಧನೂರಿನಲ್ಲಿ ಲಿಂಗಸುಗೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತರೆ ಮೊದಲು ಕಾಣುವುದು ಬತ್ತದ ಗದ್ದೆಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ಎರೆಭೂಮಿಯ ಚಹರೆಯನ್ನೇ ಬದಲಿಸಿದೆ. ಮಸ್ಕಿ ಹತ್ತಿರವಾದಂತೆ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬಂಡೆಗಳ ಗುಡ್ಡ ಎದುರಾಗುತ್ತದೆ. ಲಿಂಗಸುಗೂರು ದಾಟಿ ಹಟ್ಟಿಯ ಕಡೆ ಹೊರಳಿದರೆ ಗಣಿಯ ಬಾವಿಯ ಮೇಲೆ ನಿಂತ ಉಕ್ಕಿನ ಗೋಪುರ, ಅದರ ತುದಿಯ ಗಾಲಿ, ಪಕ್ಕದಲ್ಲಿ ಬೂದು ಬಣ್ಣದ ಮಣ್ಣಿನ ದಿಬ್ಬ. ಒಂದು ಮಧ್ಯಾಹ್ನದ ಪ್ರಯಾಣ ಇದು. ಆದರೆ ಈ ದಾರಿಯ ಅಡಿಯಲ್ಲಿರುವ ಚರಿತ್ರೆ ಸಾವಿರಾರು ವರ್ಷಗಳದ್ದು.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಪ್ರದೇಶವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆಯುತ್ತವೆ. ಎರಡು ತೊರೆಗಳ ಎಡೆಯ ನಾಡು. ಇದರ ಚಿನ್ನವನ್ನು ಕುರಿತು ಒಂದು ಚರ್ಚಾ ಕಾರ್ಯಕ್ರಮಕ್ಕೆ ಬರವಣಿಗೆ ಸಿದ್ಧಪಡಿಸುವಾಗ ನಾನು ಒಂದು ತಪ್ಪು ಮಾಡಿದೆ. ‘ಹಟ್ಟಿಯ ಗಣಿಯನ್ನು ತೋಡಿಸಿದವನು ಅಶೋಕ ಚಕ್ರವರ್ತಿ’ ಎಂದು ಮೊದಲ ಪುಟದಲ್ಲೇ ಬರೆದಿದ್ದೆ. ಚರ್ಚೆಗೆ ಬಂದಿದ್ದ ಭೂವಿಜ್ಞಾನದ ಮೇಷ್ಟ್ರು ಅದನ್ನು ಓದಿ, ‘ಇದನ್ನು ನಿಮಗೆ ಹೇಳಿದವರು ಯಾರು? ಶಾಸನವೋ, ಕಲ್ಲೋ, ಕಟ್ಟಿಗೆಯೋ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸಾಲನ್ನು ಹೊಡೆದುಹಾಕಿದೆ. ವಿಜ್ಞಾನ ಪದವೀಧರನಾದ ನಾನು ಬಹಳ ಮೊದಲೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ. ಗಣಿಯ ಚರಿತ್ರೆಯಲ್ಲಿ ನಮಗೆ ಏನು ಗೊತ್ತು? ಅದು ಗೊತ್ತಾದದ್ದು ಹೇಗೆ?

ಬೆಣಚು ಕಲ್ಲಿನೊಳಗಿನ ಚಿನ್ನ

ಮೊದಲು ಕಲ್ಲಿನ ವಿಚಾರ. ಹಟ್ಟಿಯಿಂದ ಮಸ್ಕಿಯವರೆಗೆ ಕೊಕ್ಕೆಯ ಆಕಾರದಲ್ಲಿ ಒಂದು ಶಿಲಾಪಟ್ಟಿ ಹಬ್ಬಿದೆ. ಭೂವಿಜ್ಞಾನಿಗಳು ಇದನ್ನು ಹಟ್ಟಿ–ಮಸ್ಕಿ ಪದರಶಿಲೆಯ ಪಟ್ಟಿ ಎನ್ನುತ್ತಾರೆ. ಸುತ್ತಲೂ ಗ್ರಾನೈಟ್ ಜಾತಿಯ ಶಿಲೆ, ನಡುವೆ ಈ ಕಪ್ಪು-ಹಸಿರು ಛಾಯೆಯ ಕಲ್ಲು. ಇವು 250 ಕೋಟಿ ವರ್ಷಗಳಿಗೂ ಹಿಂದಿನವು. ಬಹುಪಾಲು ಅಂದಿನ ಜ್ವಾಲಾಮುಖಿಗಳ ಲಾವಾರಸದಿಂದ ಹುಟ್ಟಿದವು. ಇಂಥ ಶಿಲೆಗಳಿಗೆ ‘ಧಾರವಾಡ ಶಿಲೆಗಳು’ ಎಂಬ ಹೆಸರನ್ನು ಕೊಟ್ಟವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ನಾಡನ್ನು ಸಮೀಕ್ಷೆ ಮಾಡಿದ ರಾಬರ್ಟ್ ಬ್ರೂಸ್ ಫೂಟ್. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಬುನಾದಿ ಹಾಕಿದವರೂ ಅವರೇ.

ಭೂಮಿಯ ಆಳದಿಂದ ಬಿಸಿನೀರಿನ ದ್ರಾವಣ ಈ ಶಿಲೆಗಳ ಬಿರುಕುಗಳೊಳಗೆ ನುಗ್ಗಿ ಬಂದಾಗ ತನ್ನೊಂದಿಗೆ ಸಿಲಿಕಾವನ್ನೂ ಚಿನ್ನವನ್ನೂ ತಂದಿತು. ದ್ರಾವಣ ತಣಿದಾಗ ಬಿರುಕಿನಲ್ಲಿ ಬಿಳಿಯ ಬೆಣಚು ಕಲ್ಲು ಕಟ್ಟಿಕೊಂಡಿತು. ಚಿನ್ನದ ಕಣಗಳು ಅದರಲ್ಲೂ ಅದರ ಅಂಚಿನ ಗಂಧಕಯುಕ್ತ ಖನಿಜಗಳಲ್ಲೂ ಸೆರೆಯಾದವು. ಇವತ್ತಿನ ಗಣಿಗಳಲ್ಲಿ ಒಂದು ಟನ್ ಅದಿರಿನಿಂದ ಸಿಕ್ಕುವುದು ಕೆಲವೇ ಗ್ರಾಂ. ಟನ್ನಿಗೆ 4 ಗ್ರಾಂ ಎಂದು ಲೆಕ್ಕ ಹಿಡಿದರೂ ಒಂದು ತೊಲ ಚಿನ್ನಕ್ಕೆ ಮೂರು ಟನ್ನಿನಷ್ಟು ಕಲ್ಲನ್ನು ಹಿಟ್ಟು ಮಾಡಬೇಕು.

ಹಿಂದಿನವರಿಗೆ ಒಂದು ಅನುಕೂಲವಿತ್ತು. ನೆಲದ ಮೇಲ್ಭಾಗದಲ್ಲಿ ಗಾಳಿ, ಮಳೆಗಳಿಗೆ ಸಿಕ್ಕಿ ಗಂಧಕದ ಖನಿಜಗಳು ಕೊಳೆತು ತುಕ್ಕಿನ ಬಣ್ಣಕ್ಕೆ ತಿರುಗುತ್ತವೆ. ಚಿನ್ನ ಮಾತ್ರ ಕೊಳೆಯುವುದಿಲ್ಲ. ಬಿಡಿ ಕಣಗಳಾಗಿ ಉಳಿಯುತ್ತದೆ. ಮಳೆ ಅದನ್ನು ಹಳ್ಳಕ್ಕೆ ಕೊಚ್ಚಿ ತರುತ್ತದೆ. ನೀರಿನ ಸಾಂದ್ರತೆ 1 ಎಂದಾದರೆ ಬೆಣಚು ಕಲ್ಲಿನದು 2.65, ಚಿನ್ನದ್ದು 19.3. ಮರಿಗೆಯಲ್ಲಿ ಮಣ್ಣು ತುಂಬಿ ನೀರಿನಲ್ಲಿ ಅಲುಗಿಸಿದರೆ ಮರಳು ಹರಿದುಹೋಗಿ ಚಿನ್ನ ತಳದಲ್ಲಿ ನಿಲ್ಲುತ್ತದೆ. ಗದಗದ ಬಳಿಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಹೀಗೆ ಚಿನ್ನ ತೊಳೆಯುತ್ತಿದ್ದ ಜಲಗಾರರನ್ನು ಹತ್ತೊಂಬತ್ತನೆಯ ಶತಮಾನದ ಬರಹಗಾರರು ಕಂಡು ಬರೆದಿದ್ದಾರೆ.

ಬೆಂಕಿ, ನೀರು, ಒರಳು

ಹಳ್ಳದ ಚಿನ್ನ ಮುಗಿದ ಮೇಲೆ ಬೆಣಚಿನ ಎಳೆಯನ್ನೇ ಹಿಂಬಾಲಿಸಿ ನೆಲದೊಳಗೆ ಇಳಿಯಬೇಕು. ಹಟ್ಟಿಯಲ್ಲಿ ಪ್ರಾಚೀನರು ಹೀಗೆ ಇಳಿದದ್ದು ಸುಮಾರು 640 ಅಡಿಗಳವರೆಗೆ, ಅಂದರೆ 195 ಮೀಟರ್. ವಿಜಯಪುರದ ಗೋಲಗುಮ್ಮಟವನ್ನು ನೀವು ನೋಡಿದ್ದರೆ ಅಂಥ ನಾಲ್ಕು ಗುಮ್ಮಟಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಆಳ ಎಂದುಕೊಳ್ಳಿ. ಸಿಡಿಮದ್ದಿಲ್ಲ, ಪಂಪಿಲ್ಲ, ವಿದ್ಯುತ್ತಿಲ್ಲ. ಹಾಗಾದರೆ ಗಟ್ಟಿ ಕಲ್ಲನ್ನು ಒಡೆದದ್ದು ಹೇಗೆ?

ಉತ್ತರ ಹಳೆಯ ಗಣಿಯೊಳಗೇ ಇದೆ. ಅದು ಇದ್ದಿಲು, ಬೂದಿ ಮತ್ತು ಮಸಿಯ ರೂಪದಲ್ಲಿದೆ. ಕಲ್ಲಿನ ಮುಖಕ್ಕೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕುತ್ತಿದ್ದರು. ಕಲ್ಲಿನಲ್ಲಿರುವ ಬೇರೆ ಬೇರೆ ಖನಿಜಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಅದರಲ್ಲೂ ಬೆಣಚು ಕಲ್ಲಿಗೆ ಒಂದು ವಿಶೇಷ ಗುಣವಿದೆ. ಉಷ್ಣತೆ 573 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದರ ಹರಳಿನ ರಚನೆಯೇ ಬದಲಾಗಿ ಗಾತ್ರ ತಟ್ಟನೆ ಹೆಚ್ಚುತ್ತದೆ. ಒಳಗಿನ ಕಲ್ಲು ತಣ್ಣಗೆ, ಹೊರಮೈ ಹಿಗ್ಗಿದೆ. ಪರಿಣಾಮವಾಗಿ ಚಕ್ಕೆ ಚಕ್ಕೆಯಾಗಿ ಕಲ್ಲು ಬಿರಿಯುತ್ತದೆ. ಕಾದ ಕಲ್ಲಿಗೆ ನೀರೆರಚುವ ವಾಡಿಕೆಯ ಬಗ್ಗೆ ಹಳೆಯ ಬರಹಗಳು ಹೇಳುತ್ತವೆ. ನೀರಿಲ್ಲದೆಯೂ ಕಲ್ಲು ಬಿರಿಯುತ್ತದೆ ಎಂದು ಇತ್ತೀಚಿನ ದಶಕಗಳಲ್ಲಿ ಯುರೋಪಿನಲ್ಲಿ ಮಾಡಿದ ಪ್ರಯೋಗಗಳು ತೋರಿಸಿವೆ. ಬಿರಿದ ಕಲ್ಲನ್ನು ಉಳಿ, ಸುತ್ತಿಗೆಗಳಿಂದ ಕಿತ್ತು ಬುಟ್ಟಿಯಲ್ಲಿ ಮೇಲಕ್ಕೆ ಸಾಗಿಸಬೇಕು.

ಇದು ಹಟ್ಟಿಯವರಿಗಷ್ಟೇ ಗೊತ್ತಿದ್ದ ವಿದ್ಯೆಯಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಲೇಖಕ ಅಗಥಾರ್ಕಿಡಿಸ್ ಈಜಿಪ್ಟ್–ನ್ಯೂಬಿಯಾ ಗಡಿಯ ಚಿನ್ನದ ಗಣಿಗಳಲ್ಲಿ ಇದೇ ಕ್ರಮವನ್ನು ವರ್ಣಿಸಿದ್ದಾನೆ. ಅಲ್ಲಿ ದುಡಿಯುತ್ತಿದ್ದ ಕೈದಿಗಳ ದಾರುಣ ಸ್ಥಿತಿಯನ್ನೂ ಹೇಳಿದ್ದಾನೆ. 1556ರಲ್ಲಿ ಪ್ರಕಟವಾದ ಜರ್ಮನಿಯ ಅಗ್ರಿಕೋಲನ ಗಣಿಶಾಸ್ತ್ರದ ಗ್ರಂಥದಲ್ಲಿಯೂ ಬೆಂಕಿ ಹಾಕಿ ಕಲ್ಲೊಡೆಯುವ ವಿವರಗಳಿವೆ. ಅದನ್ನು 1912ರಲ್ಲಿ ಹೆಂಡತಿಯೊಡಗೂಡಿ ಇಂಗ್ಲಿಷಿಗೆ ತಂದ ಗಣಿ ಎಂಜಿನಿಯರ್ ಹರ್ಬರ್ಟ್ ಹೂವರ್ ಮುಂದೆ ಅಮೆರಿಕದ ಅಧ್ಯಕ್ಷರಾದರು.

ಕಲ್ಲು ಮೇಲೆ ಬಂದ ಮೇಲಿನ ಕೆಲಸದ ಗುರುತು ಇನ್ನೂ ಸ್ಪಷ್ಟ. ಹಟ್ಟಿಯ ಸುತ್ತಮುತ್ತ ನೆಲಬಂಡೆಯಲ್ಲಿ ಒರಳಿನಂಥ ಗುಳಿಗಳನ್ನೂ ಅದಿರು ಅರೆದ ಕಲ್ಲುಗಳನ್ನೂ ಸಂಶೋಧಕರು ದಾಖಲಿಸಿದ್ದಾರೆ. ಒರಳಿನಲ್ಲಿ ಕುಟ್ಟಿ, ಅರೆದು ಹಿಟ್ಟು ಮಾಡಿ, ಆ ಹಿಟ್ಟನ್ನು ನೀರಿನಲ್ಲಿ ತೊಳೆದು, ತಳದಲ್ಲಿ ನಿಂತ ಕಣಗಳನ್ನು ಮೂಸೆಯಲ್ಲಿ ಕರಗಿಸಿದರೆ ಚಿನ್ನ.

ಈ ಸರಪಳಿಯ ಒಂದೊಂದು ಕೊಂಡಿಯಲ್ಲೂ ಎಷ್ಟು ಜನರ ದುಡಿಮೆ ಇದ್ದಿರಬೇಕು, ಯೋಚಿಸಿ. ಕಟ್ಟಿಗೆ ಕಡಿಯುವವರು, ಹೊಗೆ ತುಂಬಿದ ಕಿರುದಾರಿಯಲ್ಲಿ ಇಳಿಯುವವರು, ನೀರು ಎತ್ತಿ ಹೊರಗೆ ಚೆಲ್ಲುವವರು, ಕುಟ್ಟುವವರು, ತೊಳೆಯುವವರು. ಬೆಣಚು ಕಲ್ಲಿನ ದೂಳು ಎದೆಗೂಡಿಗೆ ಸೇರಿದರೆ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. ಇವತ್ತಿಗೂ ಗಣಿ ಕಾರ್ಮಿಕರನ್ನು ಕಾಡುವ ರೋಗವಿದು. ಅಂದಿನವರ ಶ್ವಾಸಕೋಶಗಳೂ ನಮ್ಮಂಥವೇ.

1915: ಮಸ್ಕಿಯ ಬಂಡೆ

ಇನ್ನು ಮಸ್ಕಿಗೆ ಬರೋಣ. 1915ರಲ್ಲಿ ನಿಜಾಮರ ರಾಜ್ಯಕ್ಕೆ ಸೇರಿದ್ದ ಈ ಊರಿನ ಗುಡ್ಡದಲ್ಲಿ ಚಿನ್ನದ ಸುಳಿವು ಹುಡುಕುತ್ತಿದ್ದ ಬೀಡನ್ ಎಂಬ ಇಂಗ್ಲಿಷ್ ಗಣಿ ಎಂಜಿನಿಯರನಿಗೆ ಗುಹೆಯಂಥ ಜಾಗದ ಬಂಡೆಯೊಂದರ ಮೇಲೆ ಅಕ್ಷರಗಳು ಕಂಡವು. ಆತನಿಗೆ ಅದನ್ನು ಓದಲು ಬಾರದು. ಆದರೆ ಅದು ಮುಖ್ಯವಾದದ್ದೆಂದು ತಿಳಿದು ಸಂಬಂಧಪಟ್ಟವರಿಗೆ ತಿಳಿಸಿದ. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು.

ಇದರ ಮಹತ್ವವೇನು? 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ, ದೇಶದುದ್ದಕ್ಕೂ ಹರಡಿದ್ದ ಆ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಂಪಿಯ ಪಿಯದಸಿ’ ಎಂಬ ಬಿರುದು ಮಾತ್ರ. ಈ ಪಿಯದಸಿ ಯಾರು? ಸಿಂಹಳದ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರ್ ಅವನೇ ಅಶೋಕನೆಂದು ತೋರಿಸಿದರು. ಆದರೆ ಶಾಸನದಲ್ಲಿಯೇ ‘ಅಶೋಕ’ ಎಂಬ ಹೆಸರು ಕಾಣಲು ಮತ್ತೆ 78 ವರ್ಷ ಕಾಯಬೇಕಾಯಿತು. ಅದು ಕಂಡದ್ದು ಮಸ್ಕಿಯಲ್ಲಿ. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೊಳಂಗಳಲ್ಲಿಯೂ ಆ ಹೆಸರು ಸಿಕ್ಕಿತು. ಊಹೆಯನ್ನು ಮೊದಲು ಒರೆಗೆ ಹಚ್ಚಿದ ಗೌರವ ಮಸ್ಕಿಯದು.

ಬ್ರಹ್ಮಗಿರಿಯ ಶಾಸನದಲ್ಲಿ ಮತ್ತೊಂದು ಸುಳಿವಿದೆ. ದಕ್ಷಿಣದ ಮೌರ್ಯ ಅಧಿಕಾರಿಗಳ ಕೇಂದ್ರದ ಹೆಸರು ಅಲ್ಲಿ ‘ಸುವರ್ಣಗಿರಿ’ ಎಂದಿದೆ. ಈ ಸುವರ್ಣಗಿರಿ ಮಸ್ಕಿಯೇ ಎಂದು ಕೆಲವರು, ನೆರೆಯ ಕನಕಗಿರಿ ಎಂದು ಕೆಲವರು, ಅಶೋಕನ ಶಾಸನಗಳಿರುವ ಎರ್ರಗುಡಿಗೆ ಸಮೀಪದ ಆಂಧ್ರದ ಜೊನ್ನಗಿರಿ ಎಂದು ಇನ್ನು ಕೆಲವರು ಹೇಳಿದ್ದಾರೆ. ಎಲ್ಲವೂ ಚಿನ್ನದ ಸೀಮೆಗೆ ಹತ್ತಿರದ ಊರುಗಳೇ. ಮೌರ್ಯರನ್ನು ದಕ್ಷಿಣಕ್ಕೆ ಎಳೆದದ್ದು ಇಲ್ಲಿಯ ಚಿನ್ನ ಎಂಬ ವಾದ ಹುಟ್ಟಿದ್ದು ಹೀಗೆ. ವಾದ ಬಲವಾಗಿದೆ. ಆದರೆ ಮಸ್ಕಿಯ ಶಾಸನ ಗಣಿಯ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಅದು ಧರ್ಮದ ಬಗ್ಗೆ ಮಾತನಾಡುತ್ತದೆ.

ಮರದ ತುಂಡು ಹೇಳುವ ಕಾಲ

ಹಾಗಾದರೆ ಗಣಿಯ ಕಾಲವನ್ನು ಗಣಿಯನ್ನೇ ಕೇಳಬೇಕು. ಹಟ್ಟಿಯ ಹಳೆಯ ಗಣಿಯ ಆಳದಲ್ಲಿ ಸಿಕ್ಕ ಮರದ ತುಂಡುಗಳನ್ನು ರೇಡಿಯೊ ಕಾರ್ಬನ್ ಪರೀಕ್ಷೆಗೆ ಒಳಪಡಿಸಲಾಯಿತು. ಬದುಕಿರುವ ಮರ ಗಾಳಿಯಿಂದ ಇಂಗಾಲವನ್ನು ಪಡೆಯುತ್ತಲೇ ಇರುತ್ತದೆ. ಅದರಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ. ಮರ ಸತ್ತ ಮೇಲೆ ಹೊಸದು ಸೇರುವುದಿಲ್ಲ. ಇದ್ದದ್ದು 5730 ವರ್ಷಕ್ಕೆ ಅರ್ಧದಂತೆ ಕರಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ಸತ್ತು ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ.

ಹಟ್ಟಿಯ ಮರದ ವಯಸ್ಸು ಸುಮಾರು 1900 ವರ್ಷ ಎಂದು ಬಂತು. ಕೆಲವು ದಶಕಗಳಷ್ಟು ಆಚೀಚೆ ಇರಬಹುದು. ಈಗ ಲೆಕ್ಕ ಹಾಕಿ. ಅಶೋಕ ಆಳಿದ್ದು ಕ್ರಿ.ಪೂ. ಮೂರನೆಯ ಶತಮಾನದಲ್ಲಿ, ಅಂದರೆ ಇಂದಿಗೆ 2250 ವರ್ಷಗಳಿಗೂ ಹಿಂದೆ. ಅಶೋಕನ ಕಾಲದ ಮರವಾಗಿದ್ದರೆ ಅದರಲ್ಲಿ ಶೇಕಡಾ 76ರಷ್ಟು ಕಾರ್ಬನ್-14 ಉಳಿದಿರಬೇಕಾಗಿತ್ತು. 1900 ವರ್ಷದ ಮರದಲ್ಲಿ ಉಳಿಯುವುದು ಶೇಕಡಾ 80ರ ಹತ್ತಿರ. ಅಂತರ ಚಿಕ್ಕದು. ಆದರೆ ಚರಿತ್ರೆಯಲ್ಲಿ ಅದು ಮೌರ್ಯರಿಂದ ಸಾತವಾಹನರವರೆಗಿನ ದೂರ. ಆ ಮರ ಗಣಿಗೆ ಇಳಿದದ್ದು ಸಾತವಾಹನರ ಕಾಲದ ಸುಮಾರಿಗೆ, ಅಶೋಕನ ಕಾಲದಲ್ಲಿ ಅಲ್ಲ. ನಾನು ಹೊಡೆದುಹಾಕಿದ ಸಾಲು ತಪ್ಪಾಗಿದ್ದದ್ದು ಇಲ್ಲಿ.

ಆದರೆ ಇಷ್ಟಕ್ಕೇ ನಿಲ್ಲಬಾರದು. ಗಣಿಯನ್ನು ಮೇಲಿನಿಂದ ಕೆಳಗೆ ತೋಡುತ್ತಾರೆ. ಆಳದ ಮರಕ್ಕೆ 1900 ವರ್ಷವಾದರೆ ಅದರ ಮೇಲಿನ ಭಾಗವನ್ನು ತೋಡಿದ್ದು ಅದಕ್ಕೂ ಮೊದಲು. ಆ ಅವಧಿ ಐವತ್ತು ವರ್ಷವೂ ಆಗಬಹುದು, ಐನೂರು ವರ್ಷವೂ ಆಗಬಹುದು. ಹಾಗಾಗಿ ಮೌರ್ಯರ ಕಾಲದಲ್ಲಿ ಇಲ್ಲಿ ಗಣಿಗಾರಿಕೆ ಇರಲೇ ಇಲ್ಲ ಎನ್ನಲೂ ಬಾರದು. ಇನ್ನೊಂದು ಎಚ್ಚರ: ಪರೀಕ್ಷೆ ಹೇಳುವುದು ಮರ ಬೆಳೆದ ಕಾಲವನ್ನು, ಗಣಿಯಲ್ಲಿ ಬಳಸಿದ ಕಾಲವನ್ನಲ್ಲ. ಹಳೆಯ ತೊಲೆಯನ್ನು ಮತ್ತೆ ಬಳಸುವುದು ನಮ್ಮ ಊರುಗಳಲ್ಲಿ ಇಂದಿಗೂ ಉಂಟಷ್ಟೆ?

ಚಿನ್ನದ ಬಳಕೆಯಂತೂ ಗಣಿಗಿಂತ ಬಹಳ ಹಳೆಯದು. ಸಿಂಧನೂರಿನಿಂದ ತುಂಗಭದ್ರೆಯನ್ನು ದಾಟಿದರೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ. ಅಲ್ಲಿ 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ಚಿನ್ನದ ಕಿವಿಯ ಆಭರಣಗಳು ಸಿಕ್ಕವು. ಕಲ್ಲಿನ ಕೊಡಲಿ ಹಿಡಿದು ದನ ಸಾಕುತ್ತಿದ್ದವರಿಗೂ ಚಿನ್ನ ಗೊತ್ತಿತ್ತು. ಅದು ಹಳ್ಳದಿಂದ ತೊಳೆದು ತೆಗೆದ ಚಿನ್ನವಿರಬಹುದು.

ಸಾತವಾಹನರ ಕಾಲ ಇನ್ನೊಂದು ಒಗಟನ್ನು ಮುಂದಿಡುತ್ತದೆ. ಇಷ್ಟು ಆಳದ ಚಿನ್ನದ ಗಣಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಆ ರಾಜರು ಅಚ್ಚು ಹಾಕಿಸಿದ್ದು ಸೀಸ, ತಾಮ್ರ, ಬೆಳ್ಳಿ ಮೊದಲಾದವುಗಳ ನಾಣ್ಯಗಳನ್ನು. ಚಿನ್ನದ ನಾಣ್ಯ ಅವರದಲ್ಲ. ಅದೇ ಕಾಲದಲ್ಲಿ ರೋಮಿನ ಚಿನ್ನದ ನಾಣ್ಯಗಳು ವ್ಯಾಪಾರದ ಮೂಲಕ ದಕ್ಷಿಣ ಭಾರತಕ್ಕೆ ಬರುತ್ತಿದ್ದವು. ಹಾಗಾದರೆ ಹಟ್ಟಿಯ ಚಿನ್ನ ಎಲ್ಲಿಗೆ ಹೋಯಿತು? ಆಭರಣಕ್ಕೋ, ದಾನಕ್ಕೋ, ದೂರದ ವ್ಯಾಪಾರಕ್ಕೋ? ಚಿನ್ನವನ್ನು ಮತ್ತೆ ಮತ್ತೆ ಕರಗಿಸಿ ಬೆರೆಸುವುದರಿಂದ ಅದರ ಹುಟ್ಟೂರನ್ನು ಪತ್ತೆ ಮಾಡುವುದು ರಸಾಯನಶಾಸ್ತ್ರಕ್ಕೂ ಕಷ್ಟದ ಕೆಲಸ. ನಿಮ್ಮಲ್ಲಿ ಯಾರಿಗಾದರೂ ಇದು ಸಂಶೋಧನೆಯ ವಿಷಯವಾಗಬಹುದು.

ಕಿಟ್ಟ, ಮೂಸೆ, ಇದ್ದಿಲು

ಹಳೆಯ ಗಣಿಯನ್ನು ಗುರುತಿಸುವ ಕಲೆಯೂ ಹಳೆಯದೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಣಿಗಳ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಕಿಟ್ಟ, ಮೂಸೆ, ಇದ್ದಿಲು, ಬೂದಿಗಳ ಗುರುತಿನಿಂದ ಹಿಂದೆ ನಡೆದ ಗಣಿಯನ್ನು ಪತ್ತೆ ಮಾಡಬೇಕೆಂದು ಅಲ್ಲಿ ವಿಧಿಸಿದೆ. ಇಂದಿನ ಪುರಾತತ್ವಜ್ಞ ನೆಲದ ಮೇಲೆ ಹುಡುಕುವುದೂ ಇವನ್ನೇ. ಕಣ್ಮರೆಯಾಗಿದ್ದ ಆ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು.

ಹೊಸ ಕಾಲದ ಗಣಿ ಎಂಜಿನಿಯರುಗಳೂ ಹಳಬರ ಹೆಜ್ಜೆಯನ್ನೇ ಹಿಂಬಾಲಿಸಿದರು. ಕೋಲಾರದಲ್ಲಿ ಆದಂತೆ ಹಟ್ಟಿಯಲ್ಲಿಯೂ ಪ್ರಾಚೀನ ಗುಂಡಿಗಳೇ ಕಂಪನಿಗಳಿಗೆ ದಾರಿ ತೋರಿದವು. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಇಲ್ಲಿ ಗಣಿ ನಡೆದು ನಿಂತಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾಯಿತು. 1956ರ ರಾಜ್ಯ ಪುನರ್ವಿಂಗಡಣೆಯ ಸಂದರ್ಭದಲ್ಲಿ ಅದು ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿ ಎಂದೊಡನೆ ನೆನಪಾಗುವ ಹೆಸರು ಹಟ್ಟಿಯದೇ. ಹಿಂದಿನವರು ತೊಳೆದು ತೆಗೆಯಲಾಗದೆ ಬಿಟ್ಟ ಸೂಕ್ಷ್ಮ ಚಿನ್ನವನ್ನು ಇಂದು ಸಯನೈಡ್ ದ್ರಾವಣದಲ್ಲಿ ಕರಗಿಸಿ ಬೇರ್ಪಡಿಸುತ್ತಾರೆ. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ರೂಪುಗೊಂಡ ವಿಧಾನವಿದು.

ಹಳೆಯ ಕೆಲಸದ ಕುರುಹುಗಳನ್ನು ಬರೆದಿಟ್ಟವರ ಸಂಖ್ಯೆ ದೊಡ್ಡದಲ್ಲ. ಹೈದರಾಬಾದ್ ರಾಜ್ಯದ ಅಧಿಕಾರಿಯಾಗಿದ್ದ ಲಿಯೊನಾರ್ಡ್ ಮನ್ ಪ್ರಾಚೀನ ಗಣಿಗಳಿಗೂ ಬೃಹತ್ ಶಿಲಾಸಮಾಧಿಗಳಿಗೂ ಇರಬಹುದಾದ ನಂಟನ್ನು ಚರ್ಚಿಸಿದರು. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ನಡೆಸಿ ಕಲ್ಲಿನ ಉಪಕರಣಗಳ ಕಾಲದಿಂದ ಕಬ್ಬಿಣದ ಕಾಲಕ್ಕೆ, ಅಲ್ಲಿಂದ ಚಾರಿತ್ರಿಕ ಕಾಲಕ್ಕೆ ಊರು ಬೆಳೆದುಬಂದ ಬಗೆಯನ್ನು ಪದರ ಪದರವಾಗಿ ತೋರಿಸಿದರು. ಲಿಂಗಸುಗೂರು ಸೀಮೆಯ ಪಿಕ್ಲಿಹಾಳದಲ್ಲಿ ಅಗೆದ ರೇಮಂಡ್ ಆಲ್ಚಿನ್ 1962ರಲ್ಲಿ ಭಾರತದ ಪ್ರಾಚೀನ ಚಿನ್ನದ ಗಣಿಗಾರಿಕೆಯ ಮೇಲೆ ವಿಸ್ತಾರವಾದ ಪ್ರಬಂಧ ಬರೆದರು. ನಮ್ಮ ಬಿ.ಪಿ. ರಾಧಾಕೃಷ್ಣ ಅವರು ಎಲ್.ಸಿ. ಕರ್ಟಿಸ್ ಅವರೊಡನೆ 1991ರಲ್ಲಿ ಭಾರತದ ಚಿನ್ನದ ಮೇಲೆ ಗ್ರಂಥ ರಚಿಸಿದರು. 2010ರಿಂದೀಚೆಗೆ ಆಂಡ್ರ್ಯೂ ಬಾಯರ್, ಪೀಟರ್ ಯೊಹಾನ್ಸನ್ ಮೊದಲಾದವರು ಮಸ್ಕಿಯ ಸುತ್ತಲ ನೆಲವನ್ನು ನಡೆದು ನಡೆದು ಸಮೀಕ್ಷೆ ಮಾಡಿ ಹಳೆಯ ವಸತಿಗಳನ್ನೂ ಲೋಹದ ಕೆಲಸದ ಜಾಗಗಳನ್ನೂ ಗುರುತಿಸುತ್ತಿದ್ದಾರೆ.

ಉಳಿದಿರುವುದೆಷ್ಟು?

ಗಣಿಯ ಚರಿತ್ರೆಗೆ ಒಂದು ವಿಚಿತ್ರ ಕಷ್ಟವಿದೆ. ದೇವಸ್ಥಾನ, ಕೋಟೆಗಳು ಪಾಳು ಬಿದ್ದರೂ ನಿಂತಿರುತ್ತವೆ. ಗಣಿಯಾದರೆ, ಹೊಸ ಗಣಿ ಹಳೆಯದನ್ನು ನುಂಗಿಯೇ ಬೆಳೆಯುತ್ತದೆ. ಪ್ರಾಚೀನರು ತೋಡಿದ ಜಾಗದಲ್ಲೇ ಅದಿರು ಇರುವುದರಿಂದ ಇದು ಸಹಜ. ಇನ್ನು ಮೇಲಿನ ನೆಲದಲ್ಲಿ ಗುಳಿಬಿದ್ದ ಬಂಡೆ ಜಲ್ಲಿಯಾಗುತ್ತದೆ, ಕಿಟ್ಟದ ದಿಬ್ಬ ಹೊಲ ಸಮ ಮಾಡುವಾಗ ಚದುರುತ್ತದೆ, ಬೂದಿಮಣ್ಣು ಗೊಬ್ಬರವಾಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಅದು ಏನೆಂದು ಗೊತ್ತಿಲ್ಲ, ಅಷ್ಟೆ. ಆದರೆ ಒಮ್ಮೆ ಹೋದರೆ ಹೋಯಿತು. ಕಾರ್ಬನ್ ಪರೀಕ್ಷೆಗೆ ಒಂದು ಹಿಡಿ ಇದ್ದಿಲು ಸಾಕು. ಆ ಒಂದು ಹಿಡಿ ಎಲ್ಲಿ, ಯಾವ ಪದರದಲ್ಲಿ ಇತ್ತೆಂಬುದು ತಿಳಿಯದಿದ್ದರೆ ಅದು ಬರೀ ಇದ್ದಿಲು.

ಆದ್ದರಿಂದ ಈ ಮೂರೂ ಊರುಗಳ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಹೊಲ, ಗುಡ್ಡ, ಹಳ್ಳಗಳಲ್ಲಿ ಸಾಲಾಗಿ ಒರಳಿನಂಥ ಗುಳಿಗಳಿರುವ ಬಂಡೆ, ಭಾರವಾದ ಗುಳ್ಳೆಗುಳ್ಳೆಯ ಕಪ್ಪು ಕಿಟ್ಟ, ಬೂದಿಯ ದಿಬ್ಬ, ಹಳೆಯ ಮಡಕೆಚೂರುಗಳು ಕಂಡರೆ ಕೀಳಬೇಡಿ, ಮನೆಗೆ ತರಬೇಡಿ. ಇದ್ದಲ್ಲಿಯೇ ಫೋಟೋ ತೆಗೆಯಿರಿ, ನಕ್ಷೆ ಬರೆಯಿರಿ, ಊರಿನ ಹಿರಿಯರು ಆ ಜಾಗಕ್ಕೆ ಕರೆಯುವ ಹೆಸರನ್ನು ಬರೆದುಕೊಳ್ಳಿ. ನಿಮ್ಮ ಅಧ್ಯಾಪಕರ ಮೂಲಕ ಪುರಾತತ್ವ ಇಲಾಖೆಗೆ ತಿಳಿಸಿ. ಹಳೆಯ ಗಣಿಗುಂಡಿಗಳ ಹತ್ತಿರ ಮಾತ್ರ ಹೋಗಬೇಡಿ. ಅವುಗಳ ಬಾಯಿ ಯಾವಾಗ ಕುಸಿಯುವುದೆಂದು ಹೇಳಲಾಗದು, ಒಳಗಿನ ಗಾಳಿಯೂ ಕೆಟ್ಟದ್ದು.

ಮಸ್ಕಿಯ ಶಾಸನದಲ್ಲಿ ಅಶೋಕ ಹೇಳಿಸಿರುವ ಒಂದು ವಿಚಾರ ನನಗೆ ಈ ಸಂದರ್ಭದಲ್ಲಿ ನೆನಪಾಗುತ್ತದೆ. ಉನ್ನತಿ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರಮಿಸಿದರೆ ಸಣ್ಣವರೂ ಅದನ್ನು ಪಡೆಯಬಹುದು, ಇದನ್ನು ಇಬ್ಬರಿಗೂ ತಿಳಿಸಬೇಕು ಎಂಬುದು ಅದರ ಸಾರ. ಆ ಬಂಡೆಯಲ್ಲಿ ದೊಡ್ಡವನೊಬ್ಬನ ಹೆಸರು ಉಳಿಯಿತು. ಗಣಿಗೆ ಇಳಿದ ಸಣ್ಣವರ ಹೆಸರು ಯಾವ ಬಂಡೆಯಲ್ಲೂ ಇಲ್ಲ. ಅವರ ಬಗ್ಗೆ ತಿಳಿಯಲು ನಮಗಿರುವುದು ಒಂದಿಷ್ಟು ಇದ್ದಿಲು, ಕೆಲವು ಮರದ ತುಂಡುಗಳು ಮತ್ತು ಕೈಯ ಶ್ರಮದಿಂದ ಸವೆದ ಕಲ್ಲಿನ ಗುಳಿಗಳು.

ತರಗತಿಯಲ್ಲಿ ಚರ್ಚಿಸಿ

1. ಹಟ್ಟಿಯ ಮರದ ತುಂಡಿನ ವಯಸ್ಸು 1900 ವರ್ಷ ಎಂಬುದರಿಂದ ಖಚಿತವಾಗಿ ಏನು ಹೇಳಬಹುದು? ಏನು ಹೇಳಲಾಗದು?

2. ಬೆಣಚು ಕಲ್ಲು 573 ಡಿಗ್ರಿಯಲ್ಲಿ ಹಿಗ್ಗುವ ಗುಣ ಗಣಿಗಾರನಿಗೆ ಅನುಕೂಲ. ಅದೇ ಗುಣ ಮಡಕೆ ಸುಡುವ ಕುಂಬಾರನಿಗೆ ತೊಂದರೆ. ಏಕೆ?

3. ನಿಮ್ಮ ಊರಿನ ಹೆಸರಿನಲ್ಲಿ, ಹೊಲದ ಹೆಸರಿನಲ್ಲಿ ಯಾವುದಾದರೂ ಲೋಹದ ಅಥವಾ ಕಸುಬಿನ ಗುರುತಿದೆಯೆ? ಆ ಹೆಸರೊಂದನ್ನೇ ಸಾಕ್ಷಿಯೆಂದು ಒಪ್ಪಬಹುದೆ?